ನಮ್ಮ ಹೊಸ ಯೆಜ್ದಿ

ಯೆಜ್ದಿ ಕೊಂಡೆವೆಂದೊಡನೆ ಬಂಧುಗಳು, "ಓ, ನಮ್ಮ ಮೈಸೂರಿನದು!" ಎಂದು ಹಿಗ್ಗುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು; 2022ರಲ್ಲಿ ಮರಳಿದ ಈ ಯೆಜ್ದಿ ಅಡ್ವೆಂಚರ್ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯದರಲ್ಲಿ ಕಿಕ್ಕರೇ ಗೇರೂ ಆಗುತ್ತಿತ್ತು. ಇದಕ್ಕೆ ಗುಂಡಿ ಒತ್ತಿದರೆ ಸಾಕು. 334 ಸಿ.ಸಿ. ಎಂಜಿನಿದ್ದರೇನು, ಡೊಂಬಿವಲಿಯಿಂದ ಠಾಣೆಯವರೆಗೆ ಎರಡನೇ ಗೇರೇ ಗತಿ!

ದೀಪಾವಳಿಗೆ ಊರಿಗೆ ಹೊರಟೆವು. ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರಗಳಿಗೆ ಪ್ರವೇಶವಿಲ್ಲ; ಪನವೇಲಿನಿಂದ ಹಳೆಯ ಪುಣೆ ರಸ್ತೆ ಹಿಡಿದೆವು. ಕೊಲ್ಹಾಪುರ ದಾಟಿ ನಿಪ್ಪಾಣಿ ಬಂದಾಗ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಗ ಹಿಂದಿನಿಂದ ಕನ್ನಡ ಫಲಕವನ್ನು ಅಕ್ಷರ ಕೂಡಿಸಿ ಓದಿದ. ನಮಗೆ ಬೈಕಿಗಿಂತ ಅದೇ ಹೆಚ್ಚೆನಿಸಿತು.

ಚೆಕೊಸ್ಲೊವಾಕಿಯಾದ ಜಾವಾ ಒಂದು ಕಾಲಕ್ಕೆ ಮೈಸೂರಿನದೇ ಆಗಿಹೋಗಿತ್ತು. ವಾಹನವಾಗಲಿ, ಭಾಷೆಯಾಗಲಿ, ಬಳಸುವವರದೇ ಅಲ್ಲವೇ?