ಕೆನ್ಸಿಂಗ್ಟನ್ ಪಾರ್ಕಿನಲ್ಲಿ ಒಂದು ಹಿಡಿ ಕೆಂಡ

ಆರು ತಿಂಗಳು ಹಿಮ ಗೋರಿ ಗೋರಿ ಸೊಂಟ ಹಿಡಿಸಿಕೊಂಡ ಮಿಶಿಗನ್ ಕನ್ನಡಿಗರಿಗೆ ಬೇಸಿಗೆಯ ಪಿಕ್ನಿಕ್ ಎಂದರೆ ಯುಗಾದಿ, ದೀಪಾವಳಿಗಳ ಸಾಲಿಗೇ ಸೇರಿದ ಹಬ್ಬ. 2006ರ ಆಗಸ್ಟ್‌ನಲ್ಲಿ ನಮ್ಮ ಕೂಟದ ಪಿಕ್ನಿಕ್ ನಡೆದದ್ದು ಕೆನ್ಸಿಂಗ್ಟನ್ ಮೆಟ್ರೋಪಾರ್ಕಿನಲ್ಲಿ. ಡೆಟ್ರಾಯಿಟಿನಿಂದ ಲ್ಯಾನ್ಸಿಂಗ್ ಕಡೆಗೆ ಐ-96 ಹೆದ್ದಾರಿಯಲ್ಲಿ ಹೋದವರೆಲ್ಲ ಈ ಪಾರ್ಕಿನ ನೀರನ್ನು ಕಾರಿನ ಕಿಟಕಿಯಿಂದ ನೋಡಿಯೇ ಇರುತ್ತೀರಿ. ಹ್ಯೂರಾನ್ ನದಿಗೆ ಕಟ್ಟೆ ಕಟ್ಟಿ ಮಾಡಿದ ಕೆಂಟ್ ಲೇಕ್ ಅದು, ಸುಮಾರು 1,200 ಎಕರೆ. ಸುತ್ತ ಓಕ್ ಮರಗಳು, ಹುಲ್ಲಿನ ದಿಬ್ಬಗಳು. ಹಣೆಗೆ ಕೆಂಪು ಬಳಿದುಕೊಂಡ ಎದೆಯೆತ್ತರದ ಸ್ಯಾಂಡ್‌ಹಿಲ್ ಕ್ರೇನ್‌ಗಳು ನಿಲ್ಲಿಸಿದ ಕಾರುಗಳ ನಡುವೆ, ಮದುವೆಮನೆಯಲ್ಲಿ ಬೀಗರು ತಿರುಗುವ ಗತ್ತಿನಲ್ಲಿ ಓಡಾಡುತ್ತವೆ.

ಆ ವರ್ಷ ಗ್ರಿಲ್ಲಿನ ಜವಾಬ್ದಾರಿ ನನ್ನದು. ಒಪ್ಪಿಕೊಳ್ಳುವಾಗ ಸುಲಭವೆನಿಸಿತ್ತು. ಇದ್ದಿಲು ಸುರಿ, ಎಣ್ಣೆ ಹಾಕು, ಕಡ್ಡಿ ಗೀರು, ಅಷ್ಟೇ ತಾನೆ? ಸಸ್ಯಾಹಾರಿಗಳಿಗೆ ಒಂದು, ಮಾಂಸಾಹಾರಿಗಳಿಗೆ ಒಂದು ಎಂದು ಎರಡು ಗ್ರಿಲ್ ಹಂಚಿಕೊಂಡಿದ್ದೆವು. ನೂರಿಪ್ಪತ್ತು ಜನ, ಮೂರು ಚೀಲ ಜೋಳದ ತೆನೆ, ಎರಡು ಟ್ರೇ ಪನೀರು, ಬದನೆಕಾಯಿ, ಕ್ಯಾಪ್ಸಿಕಂ.

ನಮ್ಮ ಅಪ್ಪ ಆಗ ಆರು ತಿಂಗಳಿಗೆಂದು ಬಂದಿದ್ದರು. ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು. ಅಮ್ಮ ಹೋದ ಮೇಲೆ ಮೊದಲ ಸಲ ಒಬ್ಬರೇ ಬಂದದ್ದು. ನಾವಿಬ್ಬರೂ ಆಫೀಸಿಗೆ, ಮಕ್ಕಳು ಸಮ್ಮರ್ ಕ್ಯಾಂಪಿಗೆ ಹೋದರೆ ಅವರಿಗೆ ಜೊತೆ ಎಂದರೆ ಟೀವಿ ಮತ್ತು ಡಿಶ್‌ವಾಷರಿನ ಸದ್ದು. ಪಾತ್ರೆ ತೊಳೆಯಲು ಹೋದರೆ "ಬಿಡಿ ಮಾವ, ಮೆಷಿನ್ನಿದೆ." ಹುಲ್ಲು ಕತ್ತರಿಸಲು ಹೋದರೆ "ಬೇಡ ಅಪ್ಪ, ಕಾಲಿಗೆ ತಗುಲೀತು." ಪಿಕ್ನಿಕ್ಕಿನ ಹಿಂದಿನ ವಾರ ಅವರು ಮೆಲ್ಲಗೆ ಕೇಳಿದ್ದರು, "ಟಿಕೆಟ್ಟು ಸ್ವಲ್ಪ ಮುಂಚೆ ಮಾಡಿಸೋಕೆ ಆಗುತ್ತೇನೋ?" ನೋಡೋಣ ಎಂದಿದ್ದೆ. ಆ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಹನ್ನೊಂದು ಗಂಟೆಗೆ ಇದ್ದಿಲ ಚೀಲ ಸುರಿದೆ. ಹಿಂದಿನ ಬೇಸಿಗೆಯಲ್ಲಿ ಬಾಯಿ ಬಿಚ್ಚಿ, ಗ್ಯಾರೇಜಿನ ಮೂಲೆಯಲ್ಲಿ ವರ್ಷವಿಡೀ ಮಲಗಿದ್ದ ಚೀಲ. ಪಾರ್ಕಿನ ಗ್ರಿಲ್ ನಿಮಗೆ ಗೊತ್ತಲ್ಲ, ಕಂಬದ ಮೇಲೆ ನಿಲ್ಲಿಸಿದ ಕಬ್ಬಿಣದ ತೆರೆದ ಡಬ್ಬಿ. ಅದರೊಳಗೆ ಇದ್ದಿಲನ್ನು ಅಂಗಳದಲ್ಲಿ ಹಪ್ಪಳ ಒಣಗಿಸುವಂತೆ ಚೊಕ್ಕಟವಾಗಿ ಹರಡಿ, ಲೈಟರ್ ಫ್ಲೂಯಿಡ್ ಚಿಮುಕಿಸಿ, ತಕ್ಷಣ ಕಡ್ಡಿ ಗೀರಿದೆ. ಭಗ್ಗೆಂದು ಆಳೆತ್ತರದ ಜ್ವಾಲೆ! ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಎರಡು ನಿಮಿಷದಲ್ಲಿ ಜ್ವಾಲೆ ಮಾಯ, ಇದ್ದಿಲು ಕಪ್ಪಗೆ, ತಣ್ಣಗೆ, ನನ್ನನ್ನು ನೋಡಿ ನಕ್ಕಂತಿತ್ತು. ಮತ್ತೆ ಎಣ್ಣೆ, ಮತ್ತೆ ಭಗ್ಗು, ಮತ್ತೆ ಕತ್ತಲೆ. ಅಷ್ಟರಲ್ಲಿ ಸಲಹೆಗಾರರು ನೆರೆದರು. ನಮ್ಮಲ್ಲಿ ಮೂರು ಜನರಿಗೊಬ್ಬ ಆಟೋಮೊಬೈಲ್ ಇಂಜಿನಿಯರ್. ದಹನಶಾಸ್ತ್ರದಲ್ಲೇ ಪಿಎಚ್‌ಡಿ ಮಾಡಿದ ಮಹನೀಯರೊಬ್ಬರು ಪೇಪರ್ ಪ್ಲೇಟಿನಿಂದ ಗಾಳಿ ಹಾಕಿ ಬೂದಿಯನ್ನೆಲ್ಲ ಪನೀರಿಗೆ ಹಾರಿಸಿದರು.

ಮೂರನೆಯ ಸಲ ಒಂದು ಮೂಲೆಯಲ್ಲಿ ಸಣ್ಣಗೆ ಹೊಗೆಯಾಡುತ್ತಿತ್ತು. ಅದರ ಮೇಲೇ ಎಣ್ಣೆ ಪಿಚಕಾಯಿಸಲು ಡಬ್ಬಿ ಎತ್ತಿದೆ. ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು. ಅಪ್ಪ.

"ಬುದ್ಧಿ ಇದೆಯೇನೋ ನಿಂಗೆ? ಧಾರೆ ಹಿಡ್ಕೊಂಡು ಬೆಂಕಿ ಕೈಗೇ ಬರುತ್ತೆ. ಇಷ್ಟು ಮಕ್ಕಳು ನಿಂತಿದಾವೆ!"

ಮೇಷ್ಟ್ರ ದನಿ. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಕೇಳಿರದ ದನಿ. ನೂರಿಪ್ಪತ್ತು ಜನರೆದುರು ನಲವತ್ತು ವರ್ಷದ ನಾನು ಡಬ್ಬಿ ಕೆಳಗಿಟ್ಟೆ. ಅವರು ಹೇಳಿದ್ದು ನಿಜ. ಹೊಗೆಯಾಡುವ ಇದ್ದಿಲಿನ ಶಾಖಕ್ಕೆ ಆ ಎಣ್ಣೆ ಆವಿಯಾಗಿ ಒಮ್ಮೆಗೇ ಹತ್ತಿಕೊಳ್ಳುತ್ತದೆ, ಡಬ್ಬಿಯ ತನಕ ಬರುತ್ತದೆ.

ಆಮೇಲೆ ಅಪ್ಪ ಪಂಚೆಯಲ್ಲ, ಪ್ಯಾಂಟನ್ನೇ ಮೇಲಕ್ಕೆ ಮಡಚಿ ಕೆಲಸಕ್ಕೆ ನಿಂತರು. ಒಂದು ಕಡ್ಡಿಯಿಂದ ಕೆದಕಿದರೆ ಗ್ರಿಲ್ಲಿನ ತಳದಲ್ಲಿ ನಾಲ್ಕು ಬೆರಳು ಹಳೆ ಬೂದಿ, ರಾತ್ರಿಯ ಮಳೆಗೆ ನೆನೆದು ಹಿಟ್ಟಾಗಿತ್ತು. "ಕೆಳಗಿಂದ ಗಾಳಿ ಎಲ್ಲಿಂದ ಬರಬೇಕು? ನೀನು ಹಾಕಿದ ಎಣ್ಣೆ ಉರೀತು, ಇದ್ದಿಲಿಗೆ ಸುದ್ದಿನೇ ಮುಟ್ಟಲಿಲ್ಲ." ಬೂದಿಯೆಲ್ಲ ತೆಗೆಸಿದರು. ಒಂದು ಇದ್ದಿಲು ಎತ್ತಿ ಕೈಯಲ್ಲಿ ತೂಗಿ, ಇನ್ನೊಂದಕ್ಕೆ ಕುಟ್ಟಿ ನೋಡಿದರು. "ಥಂಡಿ ಹಿಡಿದಿದೆ. ಆದ್ರೂ ಇದೇನೋ ಇದ್ದಿಲು? ಸೋಪಿನ ಬಿಲ್ಲೆ ಥರ ಇದೆ." ಹರಡಿದ್ದನ್ನೆಲ್ಲ ಗೋಪುರ ಮಾಡಿದರು. ಒಂದರ ಬಿಸಿ ಇನ್ನೊಂದಕ್ಕೆ ತಗುಲಬೇಕಲ್ಲ. ಬಿಡಿಬಿಡಿಯಾಗಿದ್ದರೆ ಶಾಖವೆಲ್ಲ ಗಾಳಿಪಾಲು.

ಆದರೂ ಹತ್ತಲಿಲ್ಲ ಎಂದರೆ ನಂಬುತ್ತೀರಾ? ಕೆರೆಯ ಕಡೆಯ ಗಾಳಿ ಕಾಗದದ ಉರಿಯನ್ನು ಪಕ್ಕಕ್ಕೆ ಎಳೆದೊಯ್ಯುತ್ತಿತ್ತು. ಪಕ್ಕದ ಶೆಲ್ಟರಿನಲ್ಲಿ ಮೊಮ್ಮಕ್ಕಳೊಂದಿಗೆ ಬಂದಿದ್ದ ಅಮೆರಿಕನ್ ಅಜ್ಜ ಅಷ್ಟು ಹೊತ್ತು ನಮ್ಮ ನಾಟಕ ನೋಡುತ್ತಿದ್ದ. ಎದ್ದು ಬಂದು ಒಂದು ತಗಡಿನ ಕೊಳವೆ ಕೊಟ್ಟ. ಪಕ್ಕದಲ್ಲಿ ಹಿಡಿ, ಕೆಳಗೆ ತೂತುಗಳು, ಒಳಗೆ ಜಾಲರಿ. ಚಿಮ್ನಿ ಸ್ಟಾರ್ಟರ್ ಅಂತೆ. ಕೆಳಗೆ ಎರಡು ಹಾಳೆ ನ್ಯೂಸ್‌ಪೇಪರು ಮುದ್ದೆ ಮಾಡಿಟ್ಟು, ಮೇಲೆ ನಮ್ಮ ಒಣ ಇದ್ದಿಲನ್ನೇ ಆರಿಸಿ ತುಂಬಿ ಕಡ್ಡಿ ಗೀರಿದ. ಎಣ್ಣೆಯ ಹನಿಯಿಲ್ಲ. ಬಿಸಿಗಾಳಿ ಮೇಲೇರಿದಂತೆ ಕೆಳಗಿನ ತೂತುಗಳಿಂದ ಹೊಸ ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ, ಊದುವವರೇ ಬೇಡ. ಅಪ್ಪ ಬಗ್ಗಿ ಎಲ್ಲ ದಿಕ್ಕಿನಿಂದ ನೋಡಿದರು. "ಇದು ನಮ್ಮ ಬಚ್ಚಲೊಲೆ ಕಣೋ, ಕೈಯಲ್ಲಿ ಹಿಡ್ಕೊಂಡು ತಿರುಗೋ ಹಾಗೆ ಮಾಡಿದಾರೆ!"

ಕೆಂಡವಾಗಲು ಇಪ್ಪತ್ತು ನಿಮಿಷ ಬೇಕು. ಆ ಬಿಡುವಿನಲ್ಲಿ ಸೋಪಿನ ಬಿಲ್ಲೆಯ ಕಥೆ ಅಪ್ಪನಿಗೆ ಹೇಳಿದೆ, ಅದು ನಮ್ಮ ಮಿಶಿಗನ್ನಿನದೇ. 1920ರ ದಶಕದಲ್ಲಿ ಮಾಡೆಲ್ ಟಿ ಕಾರಿಗೆ ಮರದ ಭಾಗಗಳು ಬಹಳ ಬೇಕಿದ್ದವು. ಹೆನ್ರಿ ಫೋರ್ಡ್ ಉತ್ತರದ ಐರನ್ ಮೌಂಟನ್ ಬಳಿ ಮರದ ಕಾರ್ಖಾನೆ ಹಾಕಿ, ಉಳಿದ ಚೂರುಗಳನ್ನು ಬಿಸಾಡದೆ ಇದ್ದಿಲು ಮಾಡಿಸಿ, ಪುಡಿಗೆ ಪಿಷ್ಟ ಕಲಸಿ ಒತ್ತಿಸಿ, ಕಾರು ಮಾರುವ ಅಂಗಡಿಗಳಲ್ಲೇ ಮಾರಿಸಿದ. ಆ ಊರಿಗೂ ಆಮೇಲೆ ಇದ್ದಿಲಿಗೂ ಹೆಸರಾದ ಕಿಂಗ್ಸ್‌ಫರ್ಡ್ ಎಂಬಾತ ಅವನ ನೆಂಟ. ಅಪ್ಪನಿಗೆ ಇದು ತುಂಬ ಹಿಡಿಸಿತು. "ಅಂದ್ರೆ ಜಿಪುಣ," ಎಂದರು, ಮೆಚ್ಚುಗೆಯಿಂದ.

ಮೇಲಿನ ಬಿಲ್ಲೆಗಳ ಅಂಚು ಬೂದಿಬಣ್ಣಕ್ಕೆ ತಿರುಗಿದ ಮೇಲೆ ಸುರಿದರೆ, ಆಹಾ, ನಿಗಿನಿಗಿ ಕೆಂಡ! ಅಲ್ಲಿಂದ ನಾಲ್ಕು ಗಂಟೆಯವರೆಗೆ ಅಪ್ಪ ಆ ಜಾಗ ಬಿಟ್ಟು ಕದಲಲಿಲ್ಲ. ತೆನೆ ಸುಟ್ಟು, ಉಪ್ಪು ಖಾರದಲ್ಲಿ ಅದ್ದಿದ ನಿಂಬೆಹೋಳು ತಿಕ್ಕಿ ಒಬ್ಬೊಬ್ಬರಿಗೂ ಕೊಟ್ಟರು. "ಬರೀ ಸಿಹಿ, ಹಲ್ಲಿಗೆ ಕೆಲಸವೇ ಇಲ್ಲ," ಎಂದು ಇಲ್ಲಿಯ ಜೋಳವನ್ನು ಬೈಯುತ್ತಲೇ ಮೂರು ತಿಂದರು. ಅಮೆರಿಕನ್ ಅಜ್ಜನಿಗೂ ಒಂದು ತಲುಪಿತು. ಅವನು ಕಣ್ಣೊರೆಸಿಕೊಂಡು ಇನ್ನೊಂದು ಕೇಳಿದ. ಹೊರಡುವಾಗ ನಮ್ಮ ಮಗಳು ಅಜ್ಜನ ಮಸಿ ಕೈಯನ್ನೇ ಹಿಡಿದು ಕಾರಿನ ತನಕ ಬಂದಳು.

ಟಿಕೆಟ್ಟಿನ ಮಾತನ್ನು ಆಮೇಲೆ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಕ್ಟೋಬರಿನ ತನಕ ಪ್ರತಿ ಶನಿವಾರ ಹಿತ್ತಲಲ್ಲಿ ಬದನೆಕಾಯಿ ಸುಟ್ಟರು. ಊರಿಗೆ ಹೊರಡುವಾಗ ಅವರು ಬಯಸಿದ ಏಕೈಕ ಅಮೆರಿಕನ್ ವಸ್ತು ಅಂಥದ್ದೇ ಒಂದು ಚಿಮ್ನಿ. ಬೆಂಗಳೂರಿನ ಕಸ್ಟಮ್ಸಿನಲ್ಲಿ ಇದೇನೆಂದು ಕೇಳಿದಾಗ "ಊದುಗೊಳವೆ" ಎಂದರಂತೆ.

ಅಪ್ಪ 2015ರಲ್ಲಿ ಹೋದರು. ಆ ಚಿಮ್ನಿ ಈಗ ಊರಿನಲ್ಲಿ ತಂಗಿಯ ಮನೆಯಲ್ಲಿದೆ. ಅವಳ ಮಗಳ ಬಾಣಂತನದಲ್ಲಿ ಕೂಸಿಗೆ ಸಾಂಬ್ರಾಣಿ ಹಾಕಲು ಅದರಲ್ಲೇ ಕೆಂಡ ಮಾಡಿ ಅಗ್ಗಿಷ್ಟಿಕೆಗೆ ಸುರಿಯುತ್ತಿದ್ದರು. ಹೋದ ಸಲ ನೋಡಿದೆ. ಹಿಡಿ ಯಾವಾಗಲೋ ಸಡಿಲಾಗಿದೆ, ಅಪ್ಪನೇ ತಾಮ್ರದ ತಂತಿ ಸುತ್ತಿ ಬಿಗಿ ಮಾಡಿದ್ದಾರೆ, ಒಂಬತ್ತು ಸುತ್ತು.