ಎರ್ಮಾಳಿನ ಗದ್ದೆ: ಸೊಳ್ಳೆಗೆ ಮೀನಿನ ಕಾವಲು

ಉಡುಪಿಯಿಂದ ಮಂಗಳೂರಿನತ್ತ ಹೊರಟ ಬಸ್ಸು ಕಾಪು, ಉಚ್ಚಿಲಗಳನ್ನು ದಾಟಿ ಪಡುಬಿದ್ರಿ ಮುಟ್ಟುವ ಮೊದಲು ಸಿಗುವ ಊರು ಎರ್ಮಾಳ್. ಉತ್ತರದ್ದು ಬಡಾ ಎರ್ಮಾಳ್, ದಕ್ಷಿಣದ್ದು ತೆಂಕ ಎರ್ಮಾಳ್. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ತೆಂಗಿನ ತೋಟ ಮತ್ತು ಗದ್ದೆಬಯಲು. 'ಎರ್ಮಾಳ್ ಜಪ್ಪು, ಖಂಡೇವು ಅಡೆಪು' ಎಂಬುದು ತುಳುವರ ಗಾದೆ. ಎರ್ಮಾಳಿನ ಜನಾರ್ದನ ದೇವಸ್ಥಾನದ ಜಾತ್ರೆಯಿಂದ ಆರಂಭವಾಗುವ ಉತ್ಸವಗಳ ಸಾಲು ಖಂಡಿಗೆಯ ಮೀನು ಹಿಡಿಯುವ ಜಾತ್ರೆಯೊಂದಿಗೆ ಮುಗಿಯುತ್ತದೆ ಎಂದು ಅದರ ಅರ್ಥ. ಆಮೇಲೆ ಮಳೆ, ಉಳುಮೆ, ನೇಜಿ ನೆಡುವ ಗಡಿಬಿಡಿ. ಜೊತೆಗೆ, ತುಳುವಿನಲ್ಲಿ 'ಉಮಿಲ್' ಎನ್ನುವ ಸೊಳ್ಳೆಯ ಕಾಟ.

ಗದ್ದೆಯಲ್ಲಿ ನೀರು ನಿಂತರೆ ಸೊಳ್ಳೆ ಬಾರದಿರುವುದೆಂತು? ಆದರೆ ಎಲ್ಲ ಸೊಳ್ಳೆಗಳೂ ಗದ್ದೆಯವಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ಮನೆಯ ಹತ್ತಿರದ ಟೈರು, ತೆಂಗಿನ ಚಿಪ್ಪು, ಹೂವಿನ ಕುಂಡಗಳಲ್ಲಿ. ಕರಾವಳಿಯ ಪೇಟೆಗಳಲ್ಲಿ ಮಲೇರಿಯಾ ತಂದ ಅನಾಫಿಲಿಸ್ ಸ್ಟೀಫೆನ್ಸಿಗೆ ಬಾವಿ, ಟ್ಯಾಂಕಿ ಮತ್ತು ಕಟ್ಟಡ ಕೆಲಸದ ನೀರು ಪ್ರಿಯ. ಭತ್ತದ ಗದ್ದೆಯನ್ನು ನೆಚ್ಚಿಕೊಂಡದ್ದು ಕ್ಯೂಲೆಕ್ಸ್ ವಿಷ್ಣುಯಿ ಗುಂಪಿನ ಸೊಳ್ಳೆಗಳು. ಇವು ಹರಡುವ ರೋಗ ಜಪಾನೀಸ್ ಎನ್‌ಕೆಫಲೈಟಿಸ್, ಅಂದರೆ ಮಿದುಳು ಜ್ವರ.

ಈ ಜ್ವರದ ವೈರಸ್ ಬೆಳ್ಳಕ್ಕಿಯಂಥ ನೀರಹಕ್ಕಿಗಳಲ್ಲೂ ಹಂದಿಗಳಲ್ಲೂ ಬೆಳೆದು ಸೊಳ್ಳೆಯ ಮೂಲಕ ಮನುಷ್ಯನಿಗೆ ದಾಟುತ್ತದೆ. ಸೋಂಕು ತಗಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ರೋಗ ಉಲ್ಬಣಿಸುವುದುಂಟು. ಆದರೆ ಹಾಗೆ ಉಲ್ಬಣಿಸಿದವರಲ್ಲಿ ನೂರಕ್ಕೆ 30ರವರೆಗೂ ಸಾವು ಸಂಭವಿಸಬಹುದು. ಬದುಕಿ ಉಳಿದ ಮಕ್ಕಳಲ್ಲೂ ಹಲವರಿಗೆ ನಡೆ, ನುಡಿ, ಕಲಿಕೆಗಳಲ್ಲಿ ಊನ ಉಳಿಯುತ್ತದೆ. 2022ರ ಡಿಸೆಂಬರಿನಲ್ಲಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಹಾಕಿಸಿದಾಗ ಉಡುಪಿಯೂ ಆ ಪಟ್ಟಿಯಲ್ಲಿತ್ತು. ಮನುಷ್ಯರಿಗೆ ಮುಖ್ಯ ರಕ್ಷಣೆ ಲಸಿಕೆಯೇ. ಗದ್ದೆಯಲ್ಲಿ ಮಾಡುವುದೆಲ್ಲ ಅದಕ್ಕೆ ಒತ್ತಾಸೆ.

ಹಾಗಾದರೆ ಗದ್ದೆಗೆ ವಿಷ ಸಿಂಪಡಿಸಿದರಾಯಿತಲ್ಲ ಎಂದು ತೋರಬಹುದು. ತೊಂದರೆ ಅಲ್ಲಿಯೇ ಇದೆ. ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುವವರೂ ಅದೇ ನೀರಿನಲ್ಲಿದ್ದಾರೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ಮರಿ, ನೀರುತಿಗಣೆ, ನೀರುಜೀರುಂಡೆ, ತಲೆಯ ಮೇಲೆ ಬೆಳ್ಳಿ ಚುಕ್ಕಿಯಿರುವ ಪುಟ್ಟ ಮೀನು, ಎಲ್ಲವೂ ಗದ್ದೆಯ ಕಾವಲುಗಾರರು. ವಿಷ ಬಿದ್ದಾಗ ಇವೂ ಸಾಯುತ್ತವೆ. ಸೊಳ್ಳೆ ಕೆಲವೇ ದಿನಗಳಲ್ಲಿ ಮರಳಿ ಬರುತ್ತದೆ, ಕಾವಲುಗಾರರು ಅಷ್ಟು ಬೇಗ ಬರಲಾರರು. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಹತ್ತಿ ಬರುವ ಮುಗುಡು, ಮಡೆಂಜಿ ಮೀನುಗಳ ನಂಟೂ ಕಡಿದುಹೋಗುತ್ತದೆ.

ಮೀನನ್ನು ನಂಬಿ ಗೆದ್ದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ರೇಷ್ಮೆ ಬೆಳೆಯುವ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ರೇಷ್ಮೆಹುಳುವಿಗೆ ಕೀಟನಾಶಕ ಮಾರಕವಾದ್ದರಿಂದ ಆ ರೈತರಿಗೆ ಸಿಂಪಡಣೆ ಬೇಕಿರಲಿಲ್ಲ. ಮಲೇರಿಯಾ ಅಲ್ಲಿ ಇಳಿಮುಖವಾಯಿತು. ಆದರೆ ಬಾವಿಗೆ ಹೊಂದಿದ್ದು ಬಯಲಿಗೂ ಹೊಂದಬೇಕೆಂದಿಲ್ಲ. 1928ರಲ್ಲಿ ಭಾರತಕ್ಕೆ ಬಂದ ಗ್ಯಾಂಬೂಸಿಯಾ ಮೀನು ಸ್ಥಳೀಯ ಮೀನುಗಳ ಮರಿಗಳನ್ನೂ ನುಂಗುತ್ತದೆ. ತೋಡು, ಹೊಳೆ, ಗದ್ದೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡ ಕರಾವಳಿಯಲ್ಲಿ ಪರದೇಶಿ ಮೀನನ್ನು ಬಿಡುವುದಕ್ಕಿಂತ ಊರ ಮೀನನ್ನು ಉಳಿಸಿಕೊಳ್ಳುವುದೇ ಲೇಸು.

ಮಧುರೆಯ ವಿಜ್ಞಾನಿಗಳು 1990ರ ದಶಕದಲ್ಲಿ ಭತ್ತದ ಗದ್ದೆಯಲ್ಲೇ ಬೇರೆ ದಾರಿಗಳನ್ನು ಪರೀಕ್ಷಿಸಿದರು. ಮೊದಲನೆಯದು ನೀರು ಕಟ್ಟುವ ಕ್ರಮ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಪಡೆಯಲು ಸುಮಾರು 7ರಿಂದ 10 ದಿನ ನೀರು ಬೇಕು. ಅದರೊಳಗೆ ಒಮ್ಮೆ ಗದ್ದೆ ಒಣಗಿಸಿದರೆ ಮರಿಗಳು ಸಾಯುತ್ತವೆ. ಎರಡನೆಯದು ಬೇವಿನ ಹಿಂಡಿ ಲೇಪಿಸಿದ ಯೂರಿಯಾ, ಮೂರನೆಯದು ಅಜೋಲ. ಅಜೋಲ ನೀರಿನ ಮೇಲ್ಮೈಯ ಬಹುಪಾಲನ್ನು ಮುಚ್ಚಿದ ಮೇಲಷ್ಟೇ ಕೆಲಸ ಮಾಡುತ್ತದೆ. 2015ರಿಂದ ದೇಶದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಆದರೆ ಅದರ ಉದ್ದೇಶ ಸಾರಜನಕದ ಪೋಲು ತಡೆಯುವುದು, ಸೊಳ್ಳೆಯೂ ತೊಲಗುತ್ತದೆಂದು ಭಾವಿಸುವಂತಿಲ್ಲ.

ಎರ್ಮಾಳಿನಂಥ ಊರಲ್ಲಿ ಏಣೆಲು ಬೆಳೆಯ ಕಾಲಕ್ಕೆ ಜಡಿಮಳೆ. ತಗ್ಗಿನ ಬೈಲುಗದ್ದೆಯನ್ನು ಒಣಗಿಸುವ ಮಾತೇ ಇಲ್ಲ. ಅಲ್ಲಿ ನೀರು ಹುಣಿಯ ಕಂಡಿಯಿಂದ ಗದ್ದೆಯಿಂದ ಗದ್ದೆಗೆ ಹರಿಯುತ್ತಿರುವುದೇ ಒಂದು ರಕ್ಷಣೆ. ನೀರು ಕಟ್ಟಿ ಬೆಳೆಯುವ ಕೊಳಕೆ ಬೆಳೆಗಾದರೆ ಒಣಗಿಸಿ ಹಾಯಿಸುವ ಕ್ರಮ ಹೊಂದೀತು.

ಇನ್ನೊಂದು ಚಿಂತೆ ಹಡಿಲು ಬಿದ್ದ ಗದ್ದೆಗಳದ್ದು. ತೋಡು ಹೂಳಿ, ಕಂಡಿ ಮುಚ್ಚಿ, ನೀರು ಕೊಳೆತು ನಿಂತರೆ ಅದು ಯಾರ ಲಕ್ಷ್ಯಕ್ಕೂ ಬಾರದ ಸೊಳ್ಳೆಯ ತೊಟ್ಟಿಲು. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟಿನ ಮೂಲಕ ಹಡಿಲು ಭೂಮಿಯಲ್ಲಿ ಮತ್ತೆ ಭತ್ತ ಬೆಳೆಯುವ ಆಂದೋಲನ ನಡೆದಾಗ ಹೆಚ್ಚಿನವರು ಅಕ್ಕಿಯ ಲೆಕ್ಕ ಹಾಕಿದರು. ಆರೋಗ್ಯದ ಲೆಕ್ಕವೂ ಅದರಲ್ಲಿ ಸೇರಬೇಕು.

ಶಾಲೆಯ ಮಕ್ಕಳು ಹಿರಿಯರ ಜೊತೆ ಹುಣಿಯ ಮೇಲೆ ನಿಂತು ಬಿಳಿ ಬಟ್ಟಲಲ್ಲಿ ಗದ್ದೆಯ ನೀರು ಮೊಗೆದು ನೋಡಲಿ. ನೀರಿನ ಮೇಲ್ಮೈಗೆ ಓರೆಯಾಗಿ ತಲೆಕೆಳಗಾಗಿ ಜೋತಾಡುವುದು ಕ್ಯೂಲೆಕ್ಸಿನ ಮರಿ, ಮೇಲ್ಮೈಗೆ ಸಮವಾಗಿ ಮಲಗಿರುವುದು ಅನಾಫಿಲಿಸಿನ ಮರಿ. ಅದೇ ಬಟ್ಟಲಲ್ಲಿ ಬೆಳ್ಳಿಚುಕ್ಕಿಯ ಮೀನೊಂದು ಮಿಂಚಿದರೆ, ಗದ್ದೆಯ ಕಾವಲು ಇನ್ನೂ ಜೀವಂತವಾಗಿದೆ ಎಂದು ತಿಳಿಯಬೇಕು.