ಬಾವಿಯ ನೀರು, ನೆರೆಮನೆಯ ಋಣ

ಪ್ರವಾದಿ ಎಲೀಷನು ಜೆರಿಕೋ ಪಟ್ಟಣದಲ್ಲಿ ತಂಗಿದ್ದಾಗ ಅಲ್ಲಿನ ಜನರು ಅವನ ಬಳಿ ಬಂದು ಒಂದು ಅಳಲನ್ನು ತೋಡಿಕೊಂಡರು. ಪಟ್ಟಣದ ನೆಲೆಯ ಬಗ್ಗೆ ಅವರಿಗೆ ದೂರಿರಲಿಲ್ಲ. ಅವರನ್ನು ಕಾಡುತ್ತಿದ್ದುದು ಕುಡಿಯುವ ನೀರು. ಪ್ರವಾದಿಯು ಹೊಸ ಪಾತ್ರೆಯೊಂದರಲ್ಲಿ ಉಪ್ಪು ತರಿಸಿಕೊಂಡನು. ಮನೆ ಮನೆಯ ಕೊಡಗಳಿಗೆ ಅದನ್ನು ಹಂಚಲಿಲ್ಲ. ನೇರವಾಗಿ ನೀರಿನ ಬುಗ್ಗೆಯ ಬಳಿಗೆ ನಡೆದು, ಮೂಲದಲ್ಲಿಯೇ ಸುರಿದನು. ಅರಸುಗಳು ಎರಡನೆಯ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಬರುವ ಈ ಪುಟ್ಟ ಪ್ರಸಂಗವನ್ನು ಓದುವಾಗಲೆಲ್ಲ ನನಗೆ ನಮ್ಮ ಮಲೆನಾಡಿನ ಬಾವಿಗಳು ನೆನಪಾಗುತ್ತವೆ.

ಮನೆಗಳ ಆಶೀರ್ವಾದಕ್ಕೆಂದು ಹೋದಾಗ ಅನೇಕರು ತೀರ್ಥವನ್ನು ಬಾವಿಗೂ ಪ್ರೋಕ್ಷಿಸುವಂತೆ ಕೇಳಿಕೊಳ್ಳುವುದುಂಟು. ಬಾವಿಯನ್ನು ಆಶೀರ್ವದಿಸುವ ಪ್ರಾರ್ಥನೆ ನಮ್ಮ ಧರ್ಮಸಭೆಯ ಹಳೆಯ ವಿಧಿಗ್ರಂಥದಲ್ಲಿಯೇ ಇದೆ. ನಾನು ಸಂತೋಷದಿಂದ ಪ್ರಾರ್ಥಿಸುತ್ತೇನೆ. ಪ್ರಾರ್ಥನೆ ಮುಗಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳುತ್ತೇನೆ: "ಈ ನೀರನ್ನು ಕಡೆಯ ಬಾರಿ ಪರೀಕ್ಷೆ ಮಾಡಿಸಿದ್ದು ಯಾವಾಗ?" ಉತ್ತರಕ್ಕೆ ಬದಲಾಗಿ ದೊರೆಯುವುದು ಸಾಮಾನ್ಯವಾಗಿ ಒಂದು ಮುಗುಳ್ನಗೆ. ಕೃಪೆಯು ಪ್ರಕೃತಿಯನ್ನು ತಳ್ಳಿಹಾಕದೆ ಅದರ ಮೇಲೆಯೇ ನಿಂತು ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ಥೋಮಸ್ ಅಕ್ವಿನಾಸರಿಂದ ನಾವು ಗುರುಮಠದಲ್ಲಿ ಕಲಿತ ಪಾಠ. ಆಶೀರ್ವದಿಸಿದ ಬಾವಿಗೆ ಮುಚ್ಚಳ ಬೇಡವೆಂದು ಆ ಪಾಠ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಮಳೆ ಬಿಡದೆ ಸುರಿಯುತ್ತಿದ್ದ ದಿನಗಳಲ್ಲಿ, ನಾನಿದ್ದ ಧರ್ಮಕೇಂದ್ರದ ಒಂದು ಕುಟುಂಬದ ಇಬ್ಬರು ಮಕ್ಕಳು ಕಾಮಾಲೆಯಿಂದ ಮಲಗಿದರು. ಹಿರಿಯ ಹುಡುಗಿಯ ಸ್ಥಿತಿ ಕಳವಳ ಹುಟ್ಟಿಸುವಂತಿತ್ತು. ಬಹಳ ದಿನ ಆಸ್ಪತ್ರೆಯಲ್ಲಿಯೇ ಇರಿಸಬೇಕಾಯಿತು. ನೀರಿನ ಮೂಲಕ ಹರಡುವ ಕಾಮಾಲೆಯಿದು, ಬಾವಿಯನ್ನು ನೋಡಿಕೊಳ್ಳಿ ಎಂದು ವೈದ್ಯರು ತಿಳಿಸಿದರು. ಆ ಮನೆಯ ಅಜ್ಜಿ ಮಾತ್ರ ಒಪ್ಪಲಿಲ್ಲ. "ಫಾದರ್, ನಾನು ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಕುಡಿಯುತ್ತಿರುವುದು ಇದೇ ನೀರು. ಏಳು ಮಕ್ಕಳು ಇದನ್ನೇ ಕುಡಿದು ದೊಡ್ಡವರಾದರು. ಈಗ ಇದಕ್ಕೆ ಮದ್ದು ಸುರಿಯಬೇಕೇ?" ಎಂದು ನೊಂದು ನುಡಿದರು.

ಅಜ್ಜಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರು ಸೊಸೆಯಾಗಿ ಬಂದ ಕಾಲದಲ್ಲಿ ಬಾವಿಯ ಮೇಲುಭಾಗದಲ್ಲಿ ಇದ್ದುದು ಕಾಡು. ಈಗ ಅಲ್ಲಿ ಐದು ಮನೆಗಳಿವೆ, ಐದು ಶೌಚದ ಗುಂಡಿಗಳಿವೆ. ನಮ್ಮ ಕಡೆಯ ಜಂಬಿಟ್ಟಿಗೆಯ ನೆಲ ರಂಧ್ರಗಳಿಂದ ಕೂಡಿದ್ದು. ಮಳೆಯ ನೀರು ಅದರೊಳಗೆ ಬೇಗನೆ ಇಳಿಯುತ್ತದೆ, ಇಳಿಯುವಾಗ ಮೇಲಿನ ಹೊಲಸನ್ನೂ ಜೊತೆಗೆ ಒಯ್ಯುತ್ತದೆ. ಬಾವಿಗೂ ಶೌಚದ ಗುಂಡಿಗೂ ನಡುವೆ ಕನಿಷ್ಠ 15 ಮೀಟರ್, ಅಂದರೆ ಐವತ್ತು ಅಡಿಯಷ್ಟು ಅಂತರವಿರಬೇಕು, ಗುಂಡಿಯು ಬಾವಿಗಿಂತ ತಗ್ಗಿನಲ್ಲಿರಬೇಕು ಎಂಬುದು ಆರೋಗ್ಯಶಾಸ್ತ್ರದ ಸಾಮಾನ್ಯ ನಿಯಮ. ಇಲ್ಲಿ ಪಕ್ಕದ ಮನೆಯ ಗುಂಡಿ ಬಾವಿಯಿಂದ ಹನ್ನೊಂದು ಹೆಜ್ಜೆ ದೂರದಲ್ಲಿ, ಅದೂ ಏರಿನ ಮೇಲೆ ಇತ್ತು.

ಆ ನೆರೆಯವರು ಅನ್ಯಧರ್ಮದವರು, ಸಾಲ ಮಾಡಿ ತಮ್ಮದೇ ಜಾಗದಲ್ಲಿ ಮನೆ ಕಟ್ಟಿಸಿಕೊಂಡವರು. ಹುಡುಗಿಯ ತಂದೆ ಪಂಚಾಯಿತಿಗೆ ದೂರು ಬರೆದು ಸಿದ್ಧವಾಗಿದ್ದರು. ಎರಡು ದಿನ ತಡೆಯಿರಿ ಎಂದು ಕೇಳಿಕೊಂಡು, ಆರೋಗ್ಯ ಕೇಂದ್ರದಿಂದ ನೀರು ಪರೀಕ್ಷಿಸುವ ಎರಡು ಬಾಟಲಿಗಳನ್ನು ತರಿಸಿದೆ. ಇವುಗಳಲ್ಲಿ ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ, ಮಲದ ಮಾಲಿನ್ಯವನ್ನು ಸೂಚಿಸುವ ರೋಗಾಣುಗಳಿದ್ದರೆ ನೀರು ಕಪ್ಪಾಗುತ್ತದೆ. ಒಂದರಲ್ಲಿ ಇವರ ಬಾವಿಯ ನೀರು, ಇನ್ನೊಂದರಲ್ಲಿ ನೆರೆಯವರ ಬಾವಿಯ ನೀರು. ಎರಡನ್ನೂ ಒಂದೇ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆವು. ಎರಡೂ ಕಪ್ಪಾದವು. ನೆರೆಯ ಯಜಮಾನರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ಅವರ ಮನೆಯಲ್ಲಿಯೂ ಎರಡು ವರ್ಷದ ಮೊಮ್ಮಗುವಿತ್ತು.

ದೂರಿನ ಪತ್ರ ಪಂಚಾಯಿತಿಯನ್ನು ತಲುಪಲಿಲ್ಲ. ಮುಂದಿನ ಬೇಸಗೆಯಲ್ಲಿ ಎರಡೂ ಮನೆಯ ಗಂಡಸರು ಸೇರಿ ಸಿಮೆಂಟಿನ ರಿಂಗುಗಳನ್ನು ಹೊತ್ತು, ತಗ್ಗಿನಲ್ಲಿ ಹೊಸ ಗುಂಡಿಯನ್ನು ಇಳಿಸಿದರು. ಆದಿಕಾಂಡದಲ್ಲಿ ಇಸಾಕನ ಸೇವಕರು ಬಾವಿ ತೋಡಿದಾಗಲೆಲ್ಲ ನೆರೆಯವರೊಡನೆ ಜಗಳವಾಯಿತು. ಜಗಳವಿಲ್ಲದ ಬಾವಿ ದೊರೆತಾಗ ಅವನು ಅದಕ್ಕೆ ವಿಶಾಲ ಸ್ಥಳವೆಂಬ ಅರ್ಥದ ಹೆಸರನ್ನಿಟ್ಟನು. ಅಂತಹ ಸ್ಥಳ ನಮ್ಮ ಹಿತ್ತಲುಗಳಲ್ಲಿಯೂ ಇದೆ, ಹುಡುಕುವ ತಾಳ್ಮೆ ಬೇಕು.

ಆದರೆ ಬೇಸಗೆಯವರೆಗೆ ಕಾಯುವಂತಿರಲಿಲ್ಲ. ಆ ಮಳೆಗಾಲದಲ್ಲಿಯೇ ಬಾವಿಗೆ ಕ್ಲೋರಿನ್ ಹಾಕಬೇಕಿತ್ತು. ಪ್ರಿಯ ಕುಟುಂಬಗಳೇ, ಈ ಕೆಲಸವನ್ನು ಅನೇಕರು ಕಣ್ಣಳತೆಯಲ್ಲಿ ಮಾಡುತ್ತಾರೆ. ಬೊಗಸೆ ತುಂಬ ಬ್ಲೀಚಿಂಗ್ ಪೌಡರನ್ನು ಬಾವಿಗೆ ಎಸೆದು, ನೀರು ನಾರುತ್ತದೆಂದು ಮತ್ತೆಂದೂ ಅದರ ತಂಟೆಗೆ ಹೋಗುವುದಿಲ್ಲ. ಲೆಕ್ಕ ಕಷ್ಟದ್ದಲ್ಲ. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಬೇಕು. ಅಳತೆ ಮೀಟರಿನಲ್ಲಿದ್ದರೆ ಬರುವ ಉತ್ತರವನ್ನು ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಅಡ್ಡಳತೆಯ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ 12,560 ಲೀಟರ್. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರಿನಂತೆ ಅದಕ್ಕೆ ಸುಮಾರು 31 ಗ್ರಾಂ ಸಾಕು. ಮಳೆಗೆ ನೀರು ಆರು ಮೀಟರಿಗೆ ಏರಿದರೆ ಅದೇ ಬಾವಿಗೆ 47 ಗ್ರಾಂ ಬೇಕು. ಆದ್ದರಿಂದ ಪ್ರತಿ ಸಲವೂ ಅಳೆಯಲೇಬೇಕು.

ಪೌಡರನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿಯುತ್ತದೆ. ಅದು ಬಾವಿಗೆ ಬೀಳಬಾರದು. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗದಿಂದ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಚೆನ್ನಾಗಿ ಆಡಿಸಬೇಕು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಉತ್ತಮ. ಕನಿಷ್ಠ ಒಂದು ಗಂಟೆಯಾದರೂ ಯಾರೂ ನೀರು ಸೇದಬಾರದು. ಅನಂತರವೂ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರಬೇಕು. ಭಾರತೀಯ ಮಾನಕ ಬ್ಯೂರೋದ 2012ರ ಮಾನಕದ ಪ್ರಕಾರ ಅದು ಲೀಟರಿಗೆ 0.2 ಮಿಲಿಗ್ರಾಮಿಗಿಂತ ಕಡಿಮೆಯಿರಬಾರದು. ಪರೀಕ್ಷೆಯ ಮಾತ್ರೆ ಹಾಕಿದಾಗ ನೀರು ತಿಳಿ ಗುಲಾಬಿಯಾದರೆ ಕ್ಲೋರಿನ್ ಉಳಿದಿದೆಯೆಂದು ಅರ್ಥ. ಬಣ್ಣವೇ ಬಾರದಿದ್ದರೆ ಹಾಕಿದ ಪ್ರಮಾಣ ಸಾಲಲಿಲ್ಲವೆಂದು ತಿಳಿಯಬೇಕು.

ಪಂಪು ಇರುವ ಮನೆಗಳಲ್ಲಿ ಈಗ ಯಂತ್ರಗಳೂ ಬಂದಿವೆ. ಪಂಪು ಚಾಲೂ ಆದಾಗಲೆಲ್ಲ ಕ್ಲೋರಿನ್ ದ್ರಾವಣವನ್ನು ಹನಿಸುವ ಪುಟ್ಟ ಡೋಸಿಂಗ್ ಪಂಪ್, ನೀರು ಅರ್ಧ ಗಂಟೆಯಾದರೂ ನಿಲ್ಲುವ ಟ್ಯಾಂಕು, ಅನಂತರ ಮರಳಿನ ಫಿಲ್ಟರ್, ಕೊನೆಗೆ ಇದ್ದಿಲಿನ ಫಿಲ್ಟರ್. ಈ ಕ್ರಮವನ್ನು ತಪ್ಪಿಸಬಾರದು. ನಮ್ಮ ನೀರಿನ ಕಬ್ಬಿಣದ ಅಂಶ ಕ್ಲೋರಿನ್ ತಗುಲಿದಾಗ ಕಂದು ಗಸಿಯಾಗುತ್ತದೆ. ಅದನ್ನು ಮರಳು ಹಿಡಿಯುತ್ತದೆ. ವಾಸನೆಯನ್ನೂ ಉಳಿದ ಕ್ಲೋರಿನ್ನನ್ನೂ ಇದ್ದಿಲು ಹೀರುತ್ತದೆ. ಇದ್ದಿಲನ್ನು ಮೊದಲಿಗಿಟ್ಟು ಆಮೇಲೆ ಕಾಯುವ ಅವಧಿಯನ್ನಿಟ್ಟರೆ ಮದ್ದು ಕೆಲಸ ಮಾಡುವ ಮೊದಲೇ ಮಾಯವಾಗುತ್ತದೆ.

ಅಜ್ಜಿಗೆ "ಮದ್ದು" ಎಂಬ ಪದವೇ ಭಯ ತಂದಿತ್ತು. ಆ ಭಯ ಕಾರಣವಿಲ್ಲದ್ದಲ್ಲ. ಕಾರ್ಲ್ ಶೀಲೆ ಎಂಬ ವಿಜ್ಞಾನಿ 1774ರಲ್ಲಿ ತಯಾರಿಸಿದ ಈ ಅನಿಲವನ್ನು 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಸೈನಿಕರನ್ನು ಕೊಲ್ಲಲು ಗಾಳಿಗೆ ಬಿಟ್ಟರು. ಅದಕ್ಕೆ ಏಳು ವರ್ಷ ಮೊದಲು, 1908ರಲ್ಲಿ, ಅಮೆರಿಕದ ಜರ್ಸಿ ಸಿಟಿ ನಗರದ ಕುಡಿಯುವ ನೀರಿಗೆ ಅದೇ ಕ್ಲೋರಿನ್ನನ್ನು ಅಳತೆ ಮಾಡಿ ನಿತ್ಯವೂ ಬೆರೆಸತೊಡಗಿದ್ದರು. ಅಲ್ಲಿಂದ ಆ ಪದ್ಧತಿ ಅನೇಕ ನಗರಗಳಿಗೆ ಹಬ್ಬಿತು. ದೇವರ ಸೃಷ್ಟಿಯ ಒಂದೇ ವಸ್ತು ಒಂದು ಕೈಯಲ್ಲಿ ಮೃತ್ಯು, ಇನ್ನೊಂದು ಕೈಯಲ್ಲಿ ಜೀವ. ಮನಸ್ಸಾಕ್ಷಿಯೂ ಅಳತೆಯೂ ಸೇರಿ ಅದನ್ನು ನಿರ್ಧರಿಸುತ್ತವೆ. ಅಜ್ಜಿಗೆ ನಾನು ಇತಿಹಾಸ ಹೇಳಲಿಲ್ಲ. ಎಲೀಷನ ಉಪ್ಪಿನ ಕಥೆಯನ್ನು ಹೇಳಿದೆ. ಕೇಳಿ ಸುಮ್ಮನಾದರು. ಆ ಸಂಜೆ ಬಕೆಟ್ಟಿಗೆ ಹಗ್ಗ ಕಟ್ಟಿಕೊಟ್ಟವರು ಅವರೇ.

ಇಂತಹ ವ್ಯವಸ್ಥೆಯನ್ನು ಅಳವಡಿಸುವುದು ಒಂದು ದಿನದ ಕೆಲಸ, ಉಳಿಸಿಕೊಳ್ಳುವುದು ನಿತ್ಯದ ಕೆಲಸ. ದುಬಾರಿ ಫಿಲ್ಟರ್ ಗೋಡೆಯಲ್ಲಿ ಮಿನುಗುತ್ತಿದ್ದರೂ ಕ್ಲೋರಿನ್ ಡಬ್ಬಿ ಒಣಗಿ ಹೋಗಿರುವ ಮನೆಗಳನ್ನು ನಾನು ಕಂಡಿದ್ದೇನೆ. ಬ್ಲೀಚಿಂಗ್ ಪೌಡರ್ ತೇವಕ್ಕೆ ಸತ್ವ ಕಳೆದುಕೊಳ್ಳುತ್ತದೆ. ದ್ರಾವಣವು ಬಿಸಿಲಿಗೂ ಶಾಖಕ್ಕೂ ಕೆಲವೇ ವಾರಗಳಲ್ಲಿ ಸಪ್ಪೆಯಾಗುತ್ತದೆ. ತೊಳೆಯದ ಮರಳು ಕಟ್ಟಿಕೊಳ್ಳುತ್ತದೆ. ಕಾಲಕಾಲಕ್ಕೆ ಬದಲಿಸದ ಇದ್ದಿಲು ರೋಗಾಣುಗಳ ಗೂಡಾಗುತ್ತದೆ; ಶುದ್ಧಗೊಳಿಸಬೇಕಾದ ವಸ್ತುವೇ ಕೊಳೆಯನ್ನು ಹಂಚತೊಡಗುತ್ತದೆ. ನಮ್ಮ ಭಕ್ತಿಜೀವನದಲ್ಲಿಯೂ ಇದನ್ನು ಕಾಣುತ್ತೇವೆ. ದೀಕ್ಷಾಸ್ನಾನದ ದಿನ ದೊರೆತ ಕೃಪೆಯನ್ನು ಪ್ರಾರ್ಥನೆ, ಪಾಪನಿವೇದನೆ, ಪರಮಪ್ರಸಾದಗಳಿಂದ ಪೋಷಿಸದೆ ಹೋದರೆ, ಗೋಡೆಯ ಮೇಲಿನ ಶಿಲುಬೆ ಮಾತ್ರ ಉಳಿಯುತ್ತದೆ.

ಶುದ್ಧವಾದ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಹಕ್ಕಿನ ಬೆನ್ನಿಗೇ ಕರ್ತವ್ಯವೂ ಇರುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಬಾವಿಯ ಕಟ್ಟೆಯ ಬಿರುಕುಗಳನ್ನು ಮುಚ್ಚಿಸೋಣ. ಬಾವಿಗೆ ಮುಚ್ಚಳ ಹಾಕಿಸೋಣ. ನೀರನ್ನು ಪರೀಕ್ಷಿಸೋಣ, ನೆರೆಮನೆಯ ಬಾವಿಯನ್ನೂ ಮರೆಯದಿರೋಣ. ಕ್ಲೋರಿನ್ ಹಾಕಿದ ದಿನಾಂಕವನ್ನೂ ಪ್ರಮಾಣವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡೋಣ. ಮನೆಯಲ್ಲಿ ಕಾಯಿಲೆಯವರಿದ್ದರೆ ನೀರನ್ನು ಕುದಿಸಿಯೇ ಕೊಡೋಣ.

ಪಾಸ್ಖ ಜಾಗರಣೆಯ ರಾತ್ರಿ ನಾವು ಆಶೀರ್ವದಿಸುವ ನೀರೂ ಇಂತಹದೇ ಒಂದು ಬಾವಿಯಿಂದ ಬರುತ್ತದೆ. ಅದನ್ನು ಪವಿತ್ರಗೊಳಿಸುವುದು ದೇವರ ಕೆಲಸ. ಶುಚಿಯಾಗಿ ಸೇದಿ ತರುವ ಕೆಲಸವನ್ನು ಆತನು ನಮಗೆ ಬಿಟ್ಟಿದ್ದಾನೆ.